ಹದಿನಾಲ್ಕು ನಿಮಿಷದ ಮಷೀನು

"ನೀವು ಹೇಳೋ ಯಾವ ಮಾತನ್ನೂ ನಾನು ನಂಬೋ ಹಾಗಿಲ್ಲ."

ಬಾಗಿಲು ತಳ್ಳಿಕೊಂಡು ಒಳಗೆ ಬಂದ ಅಪರಿಚಿತನಿಗೆ ಅವಳು ಆಡಿದ ಮೊದಲ ಮಾತು ಇದು! ನಮಸ್ಕಾರ ಇಲ್ಲ, ಬನ್ನಿ ಅನ್ನುವುದಿಲ್ಲ, ಕೂತುಕೊಳ್ಳಿ ಅನ್ನುವುದಿಲ್ಲ.

ಅವನು ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡು ಒಂದು ಗಳಿಗೆ ಬಾಗಿಲಲ್ಲೇ ನಿಂತ. ಆಮೇಲೆ ಅವಳ ಎದುರಿನ ಕುರ್ಚಿ ಎಳೆದು ಕೂತ.

"ಗೊತ್ತು. ನಂಬಬಾರದು. ನಂಬಿದ್ರೆ ನಿಮ್ಮ ಕೆಲಸ ನೀವು ಮಾಡ್ತಿಲ್ಲ ಅಂತ ಅರ್ಥ."

ಅವಳು ತಲೆ ಎತ್ತಿದಳು. ಒಂದು ತಪ್ಪಿನ ಬೆನ್ನು ಹತ್ತಿದ ಎಂಟು ದಿನದಲ್ಲಿ ಮೊದಲ ಸಲ ಯಾರೋ ವಾದ ಮಾಡದೆ ಉತ್ತರ ಕೊಟ್ಟಿದ್ದರು. ಗಡ್ಡ ಬೋಳಿಸಲು ಮರೆತ ಮುಖ, ತೋಳು ಮಡಚಿದ ಅಂಗಿ, ಅವಳಷ್ಟೇ ಕೆಂಪಾದ ಕಣ್ಣು. 'ಪರವಾಗಿಲ್ಲ, ಇವನೂ ನನ್ನ ಹಾಗೇ ಸೋತು ಸುಣ್ಣವಾಗಿದ್ದಾನೆ...' ಅಂದುಕೊಂಡಳು. ಯಾಕೋ ಸ್ವಲ್ಪ ಸಮಾಧಾನವಾಯಿತು.

ಈ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇವಳದು ಬರೀ ಕೊಬ್ಬು ಅನ್ನಿಸೀತು. ದೊಡ್ಡ ಕಂಪ್ಯೂಟರುಗಳ ಒಳಗೆ ವರ್ಚುವಲ್ ಮಷೀನುಗಳಿರುತ್ತವೆ, ವಠಾರದಲ್ಲಿ ಬಾಡಿಗೆ ಮನೆಗಳಿದ್ದಂತೆ. ಕೆಲವು ಬಾಡಿಗೆದಾರರು, ಆಸ್ಪತ್ರೆಯಂಥವರು, ಮಾಲೀಕನೂ ನಮ್ಮ ಕಿಟಕಿಯಲ್ಲಿ ಇಣುಕಬಾರದು ಅನ್ನುತ್ತಾರೆ. ಅಂಥವರಿಗಾಗಿ ಇರುವುದು ಕಾನ್ಫಿಡೆನ್ಶಿಯಲ್ ಮಷೀನು. ಅದರಲ್ಲಿ ಹೊರಗಿನ ಮಾಲೀಕ ಏನೇ ಹೇಳಿದರೂ ಒಳಗಿನವರು ಪರೀಕ್ಷೆ ಮಾಡದೆ ಒಪ್ಪುವಂತಿಲ್ಲ. ಅವಳು ಒಳಗಿನವರ ಪರ, ಕೂರುವುದು ನಾಲ್ಕನೇ ಮಹಡಿಯಲ್ಲಿ. ಅವನು ಮಾಲೀಕರ ಪರ, ಎರಡನೇ ಮಹಡಿ. ಎರಡು ಮಹಡಿಗಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಒಂಬತ್ತು ವರ್ಷದಿಂದ ಅವಳು ನೋಡಿಕೊಳ್ಳುತ್ತಿದ್ದದ್ದು ಪರದೆಯ ಡ್ರೈವರನ್ನು, ಅಂದರೆ ಪರದೆಯನ್ನು ನಡೆಸುವ ಪ್ರೋಗ್ರಾಮನ್ನು. ಪರದೆಯ ಚಿತ್ರಕ್ಕೆ ಬೇಕಾದ ಮೆಮೊರಿಗೆ ಫ್ರೇಮ್‌ಬಫರ್ ಎಂದು ಹೆಸರು. ಮಷೀನು ಏಳುವಾಗಲೇ ಆ ಜಾಗದಲ್ಲಿ ಬೇರೆ ಯಾರೂ ಬಂದು ಕೂರದಂತೆ ಕಾದಿರಿಸಬೇಕು. ಅದಕ್ಕೇ ಮಹಡಿಯವರೆಲ್ಲ ಅವಳನ್ನು ಪರದೆಯಮ್ಮ ಎಂದು ಕರೆಯುತ್ತಿದ್ದರು. ಅವನನ್ನು ಎರಡನೇ ಮಹಡಿಯಲ್ಲಿ ಕರೆಯುತ್ತಿದ್ದದ್ದು ಮೌನಿ ಎಂದು. ಯಾವ ಮೀಟಿಂಗಿನಲ್ಲೂ ಬಾಯಿ ಬಿಡದ ಮನುಷ್ಯ. ಅಂಥವನು ಆ ದಿನ ಕೂತ ತಕ್ಷಣ ಎರಡು ಮಾತು ಆಡಿದ್ದು ದೊಡ್ಡ ಸುದ್ದಿ ಎಂಬುದು ಪಾಪ, ಅವಳಿಗೆ ಗೊತ್ತಿರಲಿಲ್ಲ.

ಅವನಿಗೆ ಗೊತ್ತಿಲ್ಲದ್ದೂ ಒಂದಿತ್ತು. ಅದೇ ಬೆಳಿಗ್ಗೆ ಅವಳು ರಾಜೀನಾಮೆ ಬರೆದು ಕೊಟ್ಟಿದ್ದಳು. ತಿಂಗಳ ಕೊನೆಯ ದಿನವೇ ಅವಳ ಕೊನೆಯ ದಿನ.

ಬೇರೆ ಕೆಲಸ ಸಿಕ್ಕಿತೇ ಎಂದು ಮೇಲಧಿಕಾರಿ ಕೇಳಿದ್ದರು. ಇಲ್ಲ. ಯಾರ ಮೇಲಾದರೂ ದೂರಿದೆಯೇ? ಅದೂ ಇಲ್ಲ. ಸುಸ್ತಾಗಿದೆ, ಅಷ್ಟೇ ಎಂದಿದ್ದಳು. ಸುಸ್ತು ಒಂದು ಕಾರಣವೇ ಎಂಬಂತೆ ಅವರು ನೋಡಿದರು. ಈ ಒಂದು ತಪ್ಪನ್ನು ಹುಡುಕಿ ಕೊಟ್ಟು ಹೋಗು, ಅಲ್ಲಿಯವರೆಗೆ ಯಾರಿಗೂ ಹೇಳಬೇಡ ಎಂದರು. ಅವಳು ತಲೆಯಾಡಿಸಿದಳು. ಬೇಡ ಅನ್ನುವುದಕ್ಕೂ ಶಕ್ತಿ ಬೇಕಲ್ಲ.

ತಪ್ಪು ಏನೆಂದರೆ, ಕಾನ್ಫಿಡೆನ್ಶಿಯಲ್ ಮಷೀನು ಕುಸಿದು ಬಿದ್ದರೆ ಒಳಗೆ ಇನ್ನೊಂದು ಪುಟ್ಟ ಕರ್ನಲ್, ಅಂದರೆ ಮಷೀನನ್ನು ನಡೆಸುವ ಮೂಲ ಪ್ರೋಗ್ರಾಮು, ಎದ್ದು, ಯಾಕೆ ಬಿದ್ದೆವು ಎಂದು ಬರೆದು ಕಳಿಸಬೇಕು. ಅದು ಅರ್ಧಕ್ಕೇ ನಿಂತುಬಿಡುತ್ತಿತ್ತು. ಎಲ್ಲಿ ನಿಂತಿತೆಂದು ನೋಡೋಣವೆಂದರೆ ಆ ಹೊತ್ತಿಗೆ ಪರದೆಯಲ್ಲಿ ಏನೂ ಕಾಣುವುದಿಲ್ಲ, ಹೊರಗಿನಿಂದ ಇಣುಕುವಂತೆಯೂ ಇಲ್ಲ. ಹಾಗಾಗಿ ಅವಳು ಒಂದು ಉಪಾಯ ಮಾಡಿದ್ದಳು. ಕೋಡಿನ ಒಂದು ಸಾಲಿನಲ್ಲಿ, 'ಇಲ್ಲಿವರೆಗೆ ಬಂದರೆ ರೀಬೂಟ್ ಆಗು' ಎಂದು ಬರೆಯುವುದು. ರೀಬೂಟ್ ಆಯಿತೆಂದರೆ ಆ ಸಾಲಿನವರೆಗೆ ಬಂದಿದೆ, ಇಲ್ಲವಾದರೆ ಇಲ್ಲ. ಆಮೇಲೆ ಇನ್ನೊಂದು ಸಾಲು. ಒಂದೊಂದು ಪ್ರಯತ್ನಕ್ಕೂ ಹದಿನಾಲ್ಕು ನಿಮಿಷ, ಯಾಕೆಂದರೆ ಆ ಭಾರಿ ಮಷೀನು ಏಳುವ ಮೊದಲು ತನ್ನ ಮೆಮೊರಿಯನ್ನೆಲ್ಲ ತುಂಡು ತುಂಡಾಗಿ ಪರೀಕ್ಷಿಸಿ ಒಪ್ಪಿಕೊಳ್ಳಬೇಕಿತ್ತು.

ಮಾಲೀಕರ ಕಡೆಯಿಂದ ಇದಕ್ಕೆ ಜೊತೆ ಕೊಡಲು ಕಳಿಸಿದ್ದು ಅವನನ್ನು. ದಿನಕ್ಕೆ ಇಪ್ಪತ್ತು ಪ್ರಯತ್ನ. ನೀವೇ ಲೆಕ್ಕ ಹಾಕಿ, ಒಂದು ಹೆಣ್ಣು ಒಂದು ಗಂಡು ಎದುರುಬದುರು ಕೂತು ಎಷ್ಟು ಹೊತ್ತು ಸುಮ್ಮನಿರಲು ಸಾಧ್ಯ!

ಮೊದಲ ದಿನ ಸುಮ್ಮನೇ ಇದ್ದರು. ಎರಡನೇ ದಿನ ಅವಳು, ನಿಮಗೆ ಮೌನಿ ಅಂತ ಯಾಕೆ ಅಂತಾರೆ ಎಂದು ಕೇಳಿದಳು. ಮನೆಯಲ್ಲಿ ಅಮ್ಮ ಮತ್ತು ಇಬ್ಬರು ಸೋದರತ್ತೆಯರು ಒಟ್ಟಿಗೇ ಮಾತಾಡುತ್ತಿದ್ದರಂತೆ. ಹದಿನೆಂಟು ವರ್ಷ ಕಾದರೂ ಅವನ ಸರದಿ ಬರಲೇ ಇಲ್ಲವಂತೆ. ಅವಳು ನಕ್ಕಳು. ನಕ್ಕ ಮೇಲೆ, ಎಷ್ಟು ದಿನವಾಗಿತ್ತು ನಕ್ಕು ಎಂದು ತನಗೇ ಆಶ್ಚರ್ಯವಾಯಿತು.

ಆಮೇಲೆ ಅವಳೂ ಹೇಳಿದಳು. ಅಕ್ಕ ಭಾವನ ಮನೆಯ ಮೇಲಿನ ಕೋಣೆಯಲ್ಲಿ ಇರುವುದು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಮುರಿದದ್ದು. ಒಂದು ಸಲ ಹುಡುಗನ ಕಡೆಯವರು ಬಂದಾಗ ಅವಳು ಫೋನಿನಲ್ಲಿ ಯಾರಿಗೋ ಡ್ರೈವರ್ ಸರಿಪಡಿಸುತ್ತ ಮುಕ್ಕಾಲು ಗಂಟೆ ಹೊರಗೇ ನಿಂತುಬಿಟ್ಟದ್ದು. ಅವನು ಅಯ್ಯೋ ಪಾಪ ಎನ್ನಲಿಲ್ಲ. ಸರಿಹೋಯಿತಾ ಎಂದಷ್ಟೇ ಕೇಳಿದ.

"ಡ್ರೈವರ್ ಸರಿಹೋಯ್ತು," ಎಂದಳು.

ಒಂದು ಮಧ್ಯಾಹ್ನ ಅವಳು ಮೇಜಿನ ಮೇಲೆ ತಲೆಯಿಟ್ಟವಳು ಹಾಗೇ ನಿದ್ದೆ ಹೋದಳು. ಎಚ್ಚರವಾದಾಗ ನಲವತ್ತು ನಿಮಿಷ ಕಳೆದಿತ್ತು. ಬಾಗಿಲು ಮುಚ್ಚಿತ್ತು, ಯಾರೋ ದೀಪ ಆರಿಸಿದ್ದರು. ಅವನು ಟೈಪ್ ಮಾಡಿದರೆ ಸದ್ದಾದೀತೆಂದು ಕೈಕಟ್ಟಿ ಕೂತಿದ್ದ. ಎರಡು ಪ್ರಯತ್ನ ಹಾಳಾಯಿತಲ್ಲ ಎಂದು ಅವಳು ಬೈದಳು. ಬೈಯುತ್ತ ಬೈಯುತ್ತ ಎದ್ದು ದೀಪ ಹಾಕಿದಳು. ತನಗಾಗಿ ಒಬ್ಬರು ಸದ್ದು ಮಾಡದೆ ಕೂತು ಎಷ್ಟು ವರ್ಷವಾಗಿತ್ತೋ...

'ಹೇಳಬೇಕು. ಹೊರಟುಹೋಗುತ್ತಿದ್ದೇನೆ ಎಂದು ಇವನಿಗೆ ಹೇಳಬೇಕು. ನಾಳೆ ಹೇಳುತ್ತೇನೆ.'

ನಾಳೆ ಬಂತು, ಅದರ ನಾಳೆಯೂ ಬಂತು. ಅವಳು ಹೇಳಲಿಲ್ಲ.

ಹನ್ನೊಂದನೇ ದಿನ ಹಲ್ಲುನೋವೆಂದು ಅವನು ಬೆಳಿಗ್ಗೆ ರಜೆ ಹಾಕಿದ. ದೊಡ್ಡ ಮಷೀನಿಗೆ ಅವನ ಅನುಮತಿ ಬೇಕಿತ್ತು. ಅವಳು ಲ್ಯಾಬ್ ನೋಡಿಕೊಳ್ಳುವ ಹಿರಿಯರ ಹತ್ತಿರ ಹೋದಳು. ಅವರನ್ನು ಎಲ್ಲರೂ ಮಾವ ಎಂದೇ ಕರೆಯುತ್ತಿದ್ದರು. ಮಾವ ಕನ್ನಡಕ ಏರಿಸಿ ಪಟ್ಟಿ ನೋಡಿ, ದೊಡ್ಡದು ಯಾಕಮ್ಮ, ಮೌನಿಯ ಹೆಸರಲ್ಲಿ ಸಣ್ಣದೊಂದಿದೆಯಲ್ಲ, ಅದೂ ಕಾನ್ಫಿಡೆನ್ಶಿಯಲ್ಲೇ, ಎರಡೇ ನಿಮಿಷಕ್ಕೆ ಏಳುತ್ತೆ ಎಂದರು.

"ಯಾವಾಗಿಂದ ಇದೆ ಮಾವ?"

ಮಾವ ಮತ್ತೆ ಪಟ್ಟಿ ನೋಡಿದರು. ನಿಮ್ಮಿಬ್ಬರ ಕೆಲಸ ಶುರುವಾದ ಮೂರನೇ ದಿನದಿಂದ.

ಅವಳು ಅಲ್ಲೇ ನಿಂತು ಆ ಮಷೀನನ್ನು ಏಳಿಸಿ ನೋಡಿದಳು. ಎರಡು ನಿಮಿಷ. ನಿಜ.

ಅವಳಿಗೆ ಮೈಯೆಲ್ಲ ಬಿಸಿಯಾಯಿತು. ಹದಿನಾಲ್ಕರ ಜಾಗದಲ್ಲಿ ಎರಡು! ಹನ್ನೊಂದು ದಿನ ಬೆನ್ನು ಮುರಿದುಕೊಂಡು ಕೂತದ್ದು, ಕಣ್ಣುರಿ, ತಲೆಶೂಲೆ, ಮನೆಗೆ ಹೋಗಿ ಊಟ ಮಾಡಲೂ ಆಗದೆ ಬಿದ್ದುಕೊಂಡದ್ದು... ಅವನಿಗೆ ಗೊತ್ತಿತ್ತು! ಗೊತ್ತಿದ್ದೂ ಎದುರಿಗೆ ಕೂತು ಮುಖ ನೋಡುತ್ತಿದ್ದ. ತನ್ನ ಆಯಾಸ ಅವನಿಗೆ ಆಟವಾಗಿತ್ತೇ?

ಒಂದೊಂದು ಸಾಲನ್ನೂ ಮೂರು ಮೂರು ಸಲ ಪರೀಕ್ಷಿಸುವವಳು ಇದನ್ನು ಒಂದೇ ಸಲ ನೋಡಿ ತೀರ್ಪು ಕೊಟ್ಟುಬಿಟ್ಟಳು. ಕೋಪ ಬಂದಾಗ ಎಂಥ ಜಾಣರೂ ಹಾಗೆಯೇ.

ಮಧ್ಯಾಹ್ನ ಮೂರನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಅವನು ಸಿಕ್ಕ. ಕೆನ್ನೆ ಊದಿಕೊಂಡಿತ್ತು. ಅವಳು ಕನಿಕರಪಡಬಾರದೆಂದು ಗೋಡೆಯ ಕಡೆ ನೋಡುತ್ತ ಕೇಳಿದಳು.

"ನಿಮ್ಮ ಹತ್ರ ಸಣ್ಣ ಮಷೀನ್ ಇತ್ತಾ?"

"ಹೌದು."

"ಮೂರನೇ ದಿನದಿಂದ?"

"ಹೌದು."

"ಎರಡು ನಿಮಿಷಕ್ಕೆ ಏಳುತ್ತೆ ಅಂತ ಗೊತ್ತಿತ್ತು?"

"ಗೊತ್ತಿತ್ತು. ಆದರೆ..."

ಆ ಆದರೆ ಮುಗಿಯುವವರೆಗೆ ಅವಳು ನಿಲ್ಲಲಿಲ್ಲ. ಇನ್ನು ಮೇಲೆ ಏನಿದ್ದರೂ ಮೇಲ್‌ನಲ್ಲಿ ಬರೆಯಿರಿ ಎಂದು ಹೇಳಿ ಮೇಲೆ ಹತ್ತಿದಳು. ಅವನು ಹಿಂದೆ ಬರಲಿಲ್ಲ. ಬರಲಿ ಎಂದು ಅವಳ ಮನಸ್ಸು ನಾಲ್ಕನೇ ಮಹಡಿಯವರೆಗೂ ಕಾಯುತ್ತಲೇ ಇತ್ತು.

ಎರಡು ದಿನ ದೊಡ್ಡ ಮಷೀನಿನ ಅನುಮತಿಯನ್ನು ಅವನು ಮೇಲ್‌ನಲ್ಲೇ ಕಳಿಸಿದ, ಅವಳು ಹಟಕ್ಕೆ ಸಣ್ಣದನ್ನು ಮುಟ್ಟದೆ ಒಬ್ಬಳೇ ಕೂತು ಕೆಲಸ ಮಾಡಿದಳು. ಹದಿನಾಲ್ಕು ನಿಮಿಷ ಈಗ ಒಂದು ಯುಗದಂತೆ ಎಳೆಯುತ್ತಿತ್ತು. ಎದುರಿನ ಕುರ್ಚಿಯನ್ನು ಎತ್ತಿ ಪಕ್ಕದ ಕೋಣೆಯಲ್ಲಿಟ್ಟು ಬಂದಳು. ಅದರಿಂದ ಏನೂ ಉಪಯೋಗವಾಗಲಿಲ್ಲ.

ಎರಡನೇ ಸಂಜೆ ಅಕ್ಕನ ಹೊಲಿಗೆ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕುಸಿದು ಕೂತು ಎಲ್ಲವನ್ನೂ ಹೇಳಿಕೊಂಡಳು. ಅಕ್ಕ ಯಾರದೋ ಲಂಗದ ಅಂಚು ಮಡಚುತ್ತ, ತುಟಿಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಕೇಳಿದಳು. ಕೊನೆಗೆ ಸೂಜಿಗಳನ್ನೆಲ್ಲ ಬಟ್ಟೆಗೆ ಚುಚ್ಚಿ ಬಾಯಿ ಖಾಲಿ ಮಾಡಿಕೊಂಡಳು. ಅಂದರೆ ಬೈಗುಳ ಬರುತ್ತಿದೆ ಎಂದೇ ಅರ್ಥ.

"ಅವನು ಮಷೀನ್ ಇದೆ ಅಂತ ಹೇಳಲಿಲ್ಲ. ತಪ್ಪು, ಒಪ್ಪಿದೆ. ನೀನು ಕೆಲಸ ಬಿಡ್ತಿದ್ದೀನಿ ಅಂತ ಅವನಿಗೆ ಹೇಳಿದ್ಯಾ?"

ಅವಳು ನೆಲದ ಮೇಲೆ ಬಿದ್ದಿದ್ದ ದಾರದ ತುಂಡುಗಳನ್ನು ಹೆಕ್ಕತೊಡಗಿದಳು.

"ತನ್ನ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದ ತಟ್ಟೆ ನೊಣ ತೋರಿಸಿದ್ಳಂತೆ. ಮೂವತ್ತಕ್ಕೆ ಎದ್ದು ಹೋಗೋಳು, ಅವನ ಎದುರಿಗೆ ಕೂತು ನಗ್ತಾ ಇದ್ದೆಯಲ್ಲ, ಅದಕ್ಕೆ ಏನಂತಾರೆ?"

ಅದು ಬೇರೆ ಅಕ್ಕ, ಎಂದಳು. ಹೇಗೆ ಬೇರೆ ಎಂದು ಅಕ್ಕ ಕೇಳಿದಳು. ಅಕ್ಕ ಮತ್ತೆ ಲಂಗ ಎತ್ತಿಕೊಂಡಳು. ದಣಿದಾಗ ಯಾವ ತೀರ್ಮಾನವನ್ನೂ ಮಾಡಬೇಡ, ಹೋಗಿ ಮಲಗು, ಬೆಳಿಗ್ಗೆ ಅವನನ್ನು ಪೂರ್ತಿ ಕೇಳು ಎಂದಳು.

ಮರುದಿನ ಅವಳು ಏಳು ಗಂಟೆಗೇ ಆಫೀಸಿನಲ್ಲಿದ್ದಳು. ಕಸ ಗುಡಿಸುವವರು ಇನ್ನೂ ಹೋಗಿರಲಿಲ್ಲ. ಅವನನ್ನು ಕೇಳುವ ಮೊದಲು ಆ ಸಣ್ಣ ಮಷೀನನ್ನೇ ಕೇಳೋಣವೆಂದು ಅದನ್ನು ಏಳಿಸಿದಳು, ಬೇಕೆಂದೇ ಕೆಡವಿದಳು.

ಪುಟ್ಟ ಕರ್ನಲ್ ಎದ್ದಿತು, ಬರೆಯಬೇಕಾದ್ದನ್ನು ಬರೆಯಿತು, ಕಳಿಸಿತು. ತಪ್ಪೇ ಇಲ್ಲ!

ಮತ್ತೆ ಕೆಡವಿದಳು. ಮತ್ತೆ ಎದ್ದಿತು. ಐದು ಸಲ, ಏಳು ಸಲ. ಸಣ್ಣ ಮಷೀನಿನಲ್ಲಿ ಆ ತಪ್ಪು ಬರುತ್ತಲೇ ಇರಲಿಲ್ಲ.

ಅದರ ದಾಖಲೆ ತೆರೆದಳು. ಅರವತ್ತಮೂರು ಪ್ರಯತ್ನ, ಎಲ್ಲವೂ ಬೆಳಿಗ್ಗೆ ಆರರಿಂದ ಎಂಟರ ಒಳಗೆ, ಅವಳು ಬರುವ ಮೊದಲು. ಒಂದೊಂದರ ಪಕ್ಕದಲ್ಲೂ ಅವನದೇ ಒಣ ಟಿಪ್ಪಣಿ. 'ಸಣ್ಣದರಲ್ಲಿ ಬರಲಿಲ್ಲ.' 'ಮೆಮೊರಿ ಹೆಚ್ಚಿಸಿದೆ, ಬರಲಿಲ್ಲ.' 'ಬರಲಿಲ್ಲ.' 'ಇದರಲ್ಲೇ ಬಂದರೆ ಅವರಿಗೆ ಕಾಯುವುದು ತಪ್ಪುತ್ತದೆ. ಬರಲಿಲ್ಲ.'

ಆ ಒಂದು ಸಾಲನ್ನು ಅವಳು ಎಷ್ಟು ಸಲ ಓದಿದಳೋ.

ಕಣ್ಣೊರೆಸಿಕೊಂಡು ಮುಂದೆ ನೋಡಿದವಳಿಗೆ ತಟ್ಟನೆ ಹೊಳೆಯಿತು. ಸಣ್ಣದರಲ್ಲಿ ಬರುವುದಿಲ್ಲ, ದೊಡ್ಡದರಲ್ಲಿ ಬರುತ್ತದೆ. ಸಣ್ಣದರಲ್ಲಿ ಏನಿಲ್ಲ? ಎರಡರ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟಳು. ವೇಗದ ನೆಟ್‌ವರ್ಕ್ ಕಾರ್ಡ್ ಇಲ್ಲ!

ಆಮೇಲೆ ಎಲ್ಲ ಒಂದಕ್ಕೊಂದು ಅಂಟಿಕೊಂಡವು. ಕುಸಿದ ಮೇಲೆ ಏಳುವ ಪುಟ್ಟ ಕರ್ನಲ್‌ಗೆ ಪರದೆಯ ಜಾಗ ಎಲ್ಲಿದೆಯೆಂದು ಯಾರೂ ಹೇಳುವುದಿಲ್ಲ. ವಿಳಾಸ ಕೇಳಿದರೆ ಸೊನ್ನೆ ಸಿಗುತ್ತದೆ. ಸೊನ್ನೆ ಇದ್ದರೆ ಪರದೆಯೇ ಇಲ್ಲ, ಜಾಗ ಕಾದಿರಿಸುವುದು ಬೇಡ ಎಂದು ಡ್ರೈವರಿನಲ್ಲಿ ಒಂದು ಸಾಲಿತ್ತು. ಆ ಖಾಲಿ ಜಾಗಕ್ಕೆ ನೆಟ್‌ವರ್ಕ್ ಕಾರ್ಡ್ ಹೋಗಿ ಕೂರುತ್ತಿತ್ತು. ಹೊರಗಿನ ಮಾಲೀಕನ ಲೆಕ್ಕದಲ್ಲಿ ಆ ಜಾಗ ಇನ್ನೂ ಪರದೆಯದೇ. ಮಾಲೀಕ ಜಾಗ ಬಿಟ್ಟು ಏಳು ಎನ್ನುತ್ತಿದ್ದ, ಕಾರ್ಡ್ ಕೆಲಸ ನಿಲ್ಲಿಸುತ್ತಿತ್ತು, ವರದಿ ಹೊರಗೆ ಹೋಗುತ್ತಿರಲಿಲ್ಲ.

ಆ ಸಾಲು ಬರೆದವರು ಯಾರು? ಆರು ವರ್ಷದ ಹಿಂದೆ, ಅವಳೇ.

ಎಂಟು ಸಾಲಿನಲ್ಲಿ ಸರಿಪಡಿಸಿದಳು. ವಿಳಾಸ ಗೊತ್ತಿಲ್ಲದಿದ್ದರೂ ಪರದೆ ಸಾಮಾನ್ಯವಾಗಿ ಕೂರುವ ಜಾಗವನ್ನು ಕಾದಿರಿಸು. ಇದನ್ನು ದೊಡ್ಡ ಮಷೀನಿನಲ್ಲಿ ನೋಡಬೇಕಿತ್ತು. ಪಕ್ಕದ ಕೋಣೆಯಿಂದ ಕುರ್ಚಿ ತಂದಿಟ್ಟು ಅವನಿಗೆ ಮೇಲ್ ಬರೆದಳು. 'ಮೇಲೆ ಬನ್ನಿ.'

ಅವನು ಬಂದ. ಕೆನ್ನೆಯ ಊತ ಇಳಿದಿತ್ತು, ಮುಖ ಮಾತ್ರ ಇನ್ನಷ್ಟು ಸೋತಿತ್ತು. ಅವಳು ಕೋಡ್ ತೋರಿಸಿದಳು. ಅವನು ನಿಧಾನವಾಗಿ ಓದಿ, ಮಾಲೀಕರ ಕಡೆಯಿಂದ ಆ ಜಾಗ ಹೌದು, ಅದೇ ಎಂದು ತನ್ನ ದಾಖಲೆ ತೆರೆದು ತೋರಿಸಿದ. ಅವಳು ಅದನ್ನು ಪರೀಕ್ಷಿಸಿ ಮಷೀನನ್ನು ಚಾಲೂ ಮಾಡಿದಳು.

ಇನ್ನು ಹದಿನಾಲ್ಕು ನಿಮಿಷ ಕಾಯಬೇಕಿತ್ತು.

"ಅರವತ್ತಮೂರು ಸಲ ಬರಲಿಲ್ಲ," ಅವಳೇ ಶುರು ಮಾಡಿದಳು. "ಅದೇ ದೊಡ್ಡ ಸುಳಿವು. ಮೊದಲೇ ಹೇಳಿದ್ರೆ ವಾರದ ಹಿಂದೆ ಮುಗೀತಿತ್ತು."

"ಗೊತ್ತು."

"ಯಾವಾಗ ಗೊತ್ತಾಯ್ತು?"

ಅವನು ಕೈಬೆರಳುಗಳನ್ನು ನೋಡಿಕೊಂಡ. ಸುಳ್ಳು ಹೇಳಲು ಒಳ್ಳೆಯ ಅವಕಾಶವಿತ್ತು. ಹೇಳಲಿಲ್ಲ.

"ಐದನೇ ದಿನ ಅನುಮಾನ ಬಂತು. ಮೊದಲು, ಸಣ್ಣದರಲ್ಲಿ ತಪ್ಪು ಬಂದ ಮೇಲೆ ನಿಮಗೆ ಹೇಳೋಣ ಅಂದ್ಕೊಂಡಿದ್ದೆ. ಬರಲಿಲ್ಲ. ಬರದೇ ಇದ್ದಾಗ... ನಂಗೆ ಖುಷಿ ಆಯ್ತು. ಅದೇ ನನ್ನ ತಪ್ಪು. ಇದು ಮುಗಿದ್ರೆ ನೀವು ನಾಲ್ಕನೇ ಮಹಡಿ, ನಾನು ಎರಡನೇ ಮಹಡಿ."

"ನನ್ನ ಸುಸ್ತು ನಿಮಗೆ ಕಾಣ್ತಿರಲಿಲ್ವಾ?"

"ಕಾಣ್ತಿತ್ತು. ಅದಕ್ಕೇ ಕ್ಷಮಿಸಿ ಅನ್ನೋಕೂ ಮುಖ ಇಲ್ಲ."

ಅವಳಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ, ಆದರೆ ಅದರ ಬೆನ್ನಿಗೇ ಕಣ್ಣೀರೂ ಬಂತು. ಒಬ್ಬ ಮನುಷ್ಯ ನಿದ್ದೆ ಬಿಟ್ಟು ದಿನಾ ಆರು ಗಂಟೆಗೆ ಬಂದು, ಅವಳ ಕಾಯುವಿಕೆ ತಪ್ಪಲಿ ಎಂದು ದುಡಿದಿದ್ದ. ಅದೇ ಮನುಷ್ಯ ಅದು ತಪ್ಪದಿರಲಿ ಎಂದೂ ಬಯಸಿದ್ದ. ಎರಡೂ ನಿಜ. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳಬೇಕು, ಇಲ್ಲವೇ ಎರಡನ್ನೂ ಬಿಡಬೇಕು.

"ನಾನೂ ಒಂದು ಮುಚ್ಚಿಟ್ಟಿದ್ದೀನಿ," ಎಂದಳು. "ತಿಂಗಳ ಕೊನೆಗೆ ಕೆಲಸ ಬಿಡ್ತಿದ್ದೀನಿ. ನೀವು ಈ ಬಾಗಿಲಲ್ಲಿ ಬಂದ ದಿನಾನೇ ಬರೆದು ಕೊಟ್ಟಿದ್ದೆ."

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು.

"ಹೇಳಿದ್ರೆ ನೀವು ನನ್ನ ಎದುರಿಗೆ ಹೀಗೆ ಕೂತ್ಕೊಳ್ಳಲ್ಲ ಅಂತ ಭಯ ಆಯ್ತು. ದಿನಾ ನಾಳೆ ಹೇಳ್ತೀನಿ ಅಂದ್ಕೊಂಡೆ."

ಅವನು ಏನೋ ಹೇಳಲು ಹೋದ. ಅಷ್ಟರಲ್ಲಿ ಮೇಜಿನ ಮೇಲಿನ ಲ್ಯಾಪ್‌ಟಾಪು ಸಣ್ಣಗೆ ಸದ್ದು ಮಾಡಿತು. ದೊಡ್ಡ ಮಷೀನು ಬಿದ್ದು, ಪುಟ್ಟ ಕರ್ನಲ್ ಎದ್ದು, ತನ್ನ ವರದಿಯನ್ನು ಕಳಿಸಿಬಿಟ್ಟಿತ್ತು! ಇಡೀ ವರದಿ, ಒಂದಕ್ಷರ ಬಿಡದೆ.

ಅವಳು ಕುಣಿಯಲಿಲ್ಲ, ಕೂಗಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಉದ್ದನೆಯ ಉಸಿರು ಬಿಟ್ಟಳು. ಒಂಬತ್ತು ವರ್ಷದ ಉಸಿರು.

"ಈಗಲೂ ಹೋಗ್ತೀರಾ?" ಎಂದು ಅವನು ಮೆಲ್ಲಗೆ ಕೇಳಿದ.

"ಹೋಗ್ತೀನಿ. ನನಗೆ ನಿಜವಾಗ್ಲೂ ಸುಸ್ತಾಗಿದೆ. ಅದು ನಿಮ್ಮಿಂದ ಬಂದಿದ್ದಲ್ಲ, ನಿಮ್ಮಿಂದ ಹೋಗೋದೂ ಅಲ್ಲ."

"ಹೋಗಿ ಏನ್ ಮಾಡ್ತೀರಾ?"

"ಮಲಗ್ತೀನಿ. ಒಂದು ವಾರ ಪೂರ್ತಿ."

"ಆಮೇಲೆ?"

"ಆಮೇಲೆ ಎದ್ದು ನಿಮಗೆ ಫೋನ್ ಮಾಡ್ತೀನಿ."

ಅವನು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಾಗಿದ. ತನಗೆ ಫೋನಿನಲ್ಲಿ ಮಾತು ಬರುವುದಿಲ್ಲ ಎಂದು ತಪ್ಪೊಪ್ಪಿಕೊಳ್ಳುವವನಂತೆ ಹೇಳಿದ. ಹಾಗಾದರೆ ಮನೆಗೇ ಬನ್ನಿ, ಅಕ್ಕ ಎಲ್ಲರ ಪಾಲಿನದನ್ನೂ ಮಾತಾಡುತ್ತಾಳೆ ಎಂದಳು ಅವಳು.

"ಬಂದು ಏನ್ ಹೇಳಲಿ?"

"ಹೆಣ್ಣು ಕೇಳೋಕೆ ಬಂದಿದ್ದೀನಿ ಅಂತ ಹೇಳಿ. ಅಷ್ಟು ಸಾಕು."

ಅವನಿಗೆ ಅದು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಕಣ್ಣು ತುಂಬಿ ಬಂತು. ಅದನ್ನು ಅವನು ಒರೆಸಿಕೊಳ್ಳಲೂ ಇಲ್ಲ.

"ಅವರು ಒಪ್ಪದೇ ಇದ್ರೆ?"

ಅವಳು ಮೇಜಿನ ಮೇಲೆ ಕೈಚಾಚಿ ಅವನ ಕೈ ಹಿಡಿದುಕೊಂಡಳು.

"ನಾನು ಒಪ್ಪಿದ್ದೀನಿ," ಎಂದಳು.